ಗುಬ್ಬಿಯ ಸಂತೆಗೆ ಬಂದ ಉಸಿರಿನ ಮಾತು

ಯಾರಾದರೂ ಕೊನೆಗಾಲದಲ್ಲಿ ಮಲಗಿದ್ದರೆ ಮನೆಯ ಹಿರಿಯರು ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಾರೆ. ಉಸಿರಿದ್ದರೆ ಮನುಷ್ಯ, ಇಲ್ಲದಿದ್ದರೆ ಹೆಣ. ಈ ಪರೀಕ್ಷೆಗೆ ಜಾತಿ, ಮತಗಳ ಭೇದವಿಲ್ಲ. ಆದರೆ ಆ ಉಸಿರು ಯಾರದು, ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಒಂದೊಂದು ಧರ್ಮ ಒಂದೊಂದು ರೀತಿಯಲ್ಲಿ ಉತ್ತರಿಸಿದೆ. ಅವುಗಳಲ್ಲಿ ಕ್ರೈಸ್ತರ ಉತ್ತರವೊಂದು ನಮ್ಮ ತುಮಕೂರು ಸೀಮೆಗೆ ಬಂದ ಕಥೆ ತಿಳಿಯುವಂಥದ್ದು.

1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕೆಲಸ ಆರಂಭಿಸಿದರು. ಅಡಿಕೆ, ತೆಂಗಿನ ವ್ಯಾಪಾರಕ್ಕೆ ಹೆಸರಾದ ಊರು ಅದು. ಸಂತೆಗೆ ಸುತ್ತಲ ಹಳ್ಳಿಗಳ ಜನ ಸೇರುತ್ತಿದ್ದರು. ಮುಂದೆ ಕುಣಿಗಲ್ ಮತ್ತು ತುಮಕೂರಿನಲ್ಲಿಯೂ ಮಿಷನ್ನಿನ ಕೇಂದ್ರಗಳಾದವು. 1839ರಲ್ಲಿ ಐರ್ಲೆಂಡಿನ ವಿಲಿಯಂ ಆರ್ಥರ್ ಗುಬ್ಬಿಗೆ ಬಂದಾಗ ಅವರಿಗೆ ಇಪ್ಪತ್ತರ ಹರೆಯ. ಕನ್ನಡ ಕಲಿತು ಬೋಧನೆಗೆ ತೊಡಗಿದರು. ಆದರೆ ದೇಹ ಜೊತೆ ಕೊಡಲಿಲ್ಲ. ಆರೋಗ್ಯ ಕೆಟ್ಟು 1841ರಲ್ಲಿ ತಾಯ್ನಾಡಿಗೆ ಮರಳಬೇಕಾಯಿತು. ಇಲ್ಲಿನ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಅವರು ತಂದ ಬೋಧನೆಯ ತಿರುಳೇನು? ಬೈಬಲ್ಲಿನ ಮೊದಲ ಪುಸ್ತಕದ ಪ್ರಕಾರ ದೇವರು ಮನುಷ್ಯನನ್ನು ಮಣ್ಣಿನಿಂದ ರೂಪಿಸಿ, ಮೂಗಿನಲ್ಲಿ ಜೀವಶ್ವಾಸವನ್ನು ಊದಿದನು. ಆಗ ಮಣ್ಣು ಜೀವಿಯಾಯಿತು. ಇಲ್ಲಿ ಮಣ್ಣು ಕೀಳೂ ಅಲ್ಲ, ಉಸಿರು ಅದರೊಳಗಿನ ಸೆರೆಯಾಳೂ ಅಲ್ಲ. ಎರಡೂ ಕೂಡಿದರೇನೇ ಮನುಷ್ಯ. ಹೀಬ್ರೂ ಭಾಷೆಯ 'ರೂಅಹ್', ಗ್ರೀಕಿನ 'ಪ್ನ್ಯೂಮ' ಎಂಬ ಪದಗಳಿಗೆ ಗಾಳಿ, ಉಸಿರು, ಆತ್ಮ ಎಂಬ ಮೂರೂ ಅರ್ಥಗಳಿವೆ. ಪುನರುತ್ಥಾನದ ನಂತರ ಯೇಸು ಶಿಷ್ಯರ ಮೇಲೆ ಉಸಿರೂದಿ ಪವಿತ್ರಾತ್ಮವನ್ನು ನೀಡಿದರೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ವಿಶ್ವಾಸಿಯ ದೇಹವು ಆ ಪವಿತ್ರಾತ್ಮನ ಆಲಯ ಎಂದು ಪೌಲ ಕೊರಿಂಥದವರಿಗೆ ಬರೆದ. ಕ್ರೈಸ್ತರ ಅಂತಿಮ ನಿರೀಕ್ಷೆಯೂ ದೇಹದಿಂದ ಬಿಡುಗಡೆಯಲ್ಲ, ದೇಹವೇ ಮತ್ತೆ ಎದ್ದುಬರುವುದು.

ಈ ಮಾತನ್ನು ಕನ್ನಡಕ್ಕೆ ತರುವುದು ಸುಲಭವಿರಲಿಲ್ಲ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಕನ್ನಡ ಬೈಬಲ್ಲಿನಲ್ಲಿ 'ಪ್ನ್ಯೂಮ'ಕ್ಕೆ ನೆಲೆನಿಂತ ಪದ 'ಆತ್ಮ'. ಆದರೆ ನಮ್ಮ ಕಿವಿಗೆ 'ಆತ್ಮ' ಎಂದೊಡನೆ ಗಾಳಿಯೂ ಉಸಿರೂ ನೆನಪಾಗುವುದಿಲ್ಲ. ದೇಹವನ್ನು ಬಿಟ್ಟು ಹೋಗುವ ಯಾವುದೋ ಒಂದು ನೆನಪಾಗುತ್ತದೆ. ಹಾಗೆಯೇ ಪೌಲನು ಮನುಷ್ಯನ ಸ್ವಾರ್ಥದ ಬಾಳನ್ನು ಸೂಚಿಸಲು ಬಳಸಿದ ಪದ ಕನ್ನಡದಲ್ಲಿ 'ಶರೀರಭಾವ'ವಾಯಿತು. ಓದಿದವರಿಗೆ ಶರೀರವೇ ಪಾಪದ ಮೂಲ ಎನಿಸಿದರೆ ಆಶ್ಚರ್ಯವಿಲ್ಲ. ಹೊಟ್ಟೆಕಿಚ್ಚು, ಹಗೆ, ಜಗಳಗಳನ್ನೂ ಪೌಲ ಆ ಪಟ್ಟಿಯಲ್ಲೇ ಸೇರಿಸಿದ್ದಾನೆ ಎಂಬುದನ್ನು ನಾವು ಗಮನಿಸಬೇಕು.

ಇನ್ನೊಂದು ಸಂಗತಿ. ಈ ಸೀಮೆಯ ಜನರಿಗೆ ಉಸಿರಿನ ಮಾತು ಹೊಸದಾಗಿರಲಿಲ್ಲ. ಕುಣಿಗಲ್ ತಾಲ್ಲೂಕಿನ ಎಡೆಯೂರು ತೋಂಟದ ಸಿದ್ಧಲಿಂಗರ ನೆಲೆ. ಅವರ 'ಷಟ್‌ಸ್ಥಲ ಜ್ಞಾನಸಾರಾಮೃತ'ದ ಪರಂಪರೆಯಲ್ಲಿ ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗಗಳ ವಿಚಾರವಿದೆ. ದೇಹವನ್ನೇ ದೇಗುಲವಾಗಿ ಕಾಣುವ ದೃಷ್ಟಿ ಶರಣರಲ್ಲಿ 12ನೇ ಶತಮಾನದಲ್ಲೇ ಇತ್ತು. ಆದರೆ ಮಿಷನರಿಗಳು ಲಿಂಗಪೂಜೆಯನ್ನು ವಿಗ್ರಹಾರಾಧನೆಯೆಂದೇ ಬಗೆದರು. ಕೇಳುವವರಿಗೆ ಅವರ ಧರ್ಮ ದೊರೆಗಳ ಧರ್ಮವಾಗಿ ಕಂಡಿತು. ಎರಡು ಕಡೆಯ ಉಸಿರಿನ ಮಾತುಗಳು ಒಂದೇ ಸಂತೆಬೀದಿಯಲ್ಲಿ ಹಾದುಹೋದವು, ಒಂದನ್ನೊಂದು ಮಾತಾಡಿಸಿದ್ದು ಕಡಿಮೆ.

ಊರಿಗೆ ಮರಳಿದ ಆರ್ಥರ್ 1856ರಲ್ಲಿ 'ದಿ ಟಂಗ್ ಆಫ್ ಫೈರ್' ಎಂಬ ಪುಸ್ತಕ ಬರೆದರು. ಪವಿತ್ರಾತ್ಮನ ಕುರಿತಾದ ಆ ಪುಸ್ತಕವನ್ನು ಪ್ರಪಂಚದ ಅನೇಕ ಕಡೆ ಓದಿದರು. ಕೋಟೆ ಒಡೆಯಲು ಬಂದ ಸೈನ್ಯದ ಬಳಿ ಫಿರಂಗಿ, ಗುಂಡು, ಮದ್ದು ಎಲ್ಲ ಇದ್ದರೂ ಬೆಂಕಿಯಿಲ್ಲದಿದ್ದರೆ ಪ್ರಯೋಜನವೇನು ಎಂಬುದು ಅದರಲ್ಲಿನ ಒಂದು ಹೋಲಿಕೆಯ ಸಾರ. ವಿದ್ಯೆ, ಸಂಘಟನೆ, ಹಣ ಯಾವುದೂ ದೇವರ ಉಸಿರಿಗೆ ಬದಲಿಯಲ್ಲ ಎಂಬುದೇ ಅವರ ವಾದ.

ಆದರೆ ಉಸಿರಿನ ಬೋಧನೆಯ ನಿಜವಾದ ಪರೀಕ್ಷೆ ನಡೆದದ್ದು ಪುಸ್ತಕದಲ್ಲಲ್ಲ, 1876-78ರ ಭೀಕರ ಬರದಲ್ಲಿ. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು. ತಬ್ಬಲಿಗಳಾದ ಮಕ್ಕಳಿಗಾಗಿ ವೆಸ್ಲಿಯನ್ ಮಿಷನ್ ತುಮಕೂರು ಮತ್ತು ಹಾಸನದಲ್ಲಿ ಅನಾಥಾಲಯಗಳನ್ನು ನಡೆಸಿತು. ಹಸಿದವರ ನಡುವೆ ಧರ್ಮ ಬೋಧಿಸುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸಾಯಲಿದ್ದ ಮಗುವಿನ ಬಾಯಿಗೆ ಗಂಜಿ ಹಾಕಿ ಅದರ ಉಸಿರು ಉಳಿಸಿದ್ದನ್ನೂ ಮರೆಯಬೇಕಾಗಿಲ್ಲ. ದೇಹ ದೇವರ ಆಲಯವೆಂದು ನಂಬುವವನಿಗೆ ಹಸಿದ ದೇಹವನ್ನು ದಾಟಿ ಹೋಗುವ ಹಕ್ಕಿಲ್ಲ.

ಕುರ್‌ಆನ್ ಕೂಡಾ ಮಣ್ಣಿನಿಂದಾದ ಮಾನವನಲ್ಲಿ ಅಲ್ಲಾಹನು ತನ್ನ 'ರೂಹ್' ಊದಿದನೆಂದು ಹೇಳುತ್ತದೆ. ಹಾಗೆಂದು ಎರಡೂ ಒಂದೇ ಎನ್ನುವುದು ಪ್ರಾಮಾಣಿಕತೆಯಲ್ಲ. ಕ್ರೈಸ್ತರಿಗೆ ಪವಿತ್ರಾತ್ಮನು ತ್ರಿತ್ವದಲ್ಲಿ ಒಬ್ಬನು, ದೇವರೇ. ಮುಸ್ಲಿಮ್ ವಿದ್ವಾಂಸರಲ್ಲಿ ಹೆಚ್ಚಿನವರು 'ರೂಹುಲ್ ಕುದುಸ್' ಎಂದರೆ ಜಿಬ್ರೀಲ್ ಎನ್ನುತ್ತಾರೆ. ಊದಲ್ಪಟ್ಟ ರೂಹ್ ಸೃಷ್ಟಿಯೇ ಹೊರತು ದೇವರ ಅಂಶವಲ್ಲ. ರೂಹಿನ ಬಗ್ಗೆ ಮಾನವನಿಗೆ ಸಿಕ್ಕಿರುವ ಅರಿವು ಅಲ್ಪ ಎಂದು ಕುರ್‌ಆನಿನ 17ನೇ ಅಧ್ಯಾಯ ಎಚ್ಚರಿಸುತ್ತದೆ.

ಆ ಎಚ್ಚರ ಎಲ್ಲರಿಗೂ ಬೇಕು. ಉಸಿರಿನ ಒಡೆಯನ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯ ಇರಲಿ, ಚರ್ಚೆಯೂ ನಡೆಯಲಿ. ಉಸಿರು ನಮ್ಮದಲ್ಲ, ಕೊಟ್ಟದ್ದು ಎಂಬುದರಲ್ಲಿ ನಮಗೆ ಜಗಳವಿಲ್ಲ. ಕೊಟ್ಟವನಲ್ಲದೆ ಬೇರಾರೂ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂಬುದರಲ್ಲಾದರೂ ನಾವು ಒಂದಾಗಬಾರದೇ?