ಕಿವಿಯ ಕೂಲಿಯಿಂದ ಸಂಕೇತದ ಕೂಲಿಗೆ

ಹೊಲಗದ್ದೆಯ ಕೂಲಿಯ ಚರಿತ್ರೆಯನ್ನು ನಾವು ಅಷ್ಟಿಷ್ಟು ಬರೆದಿದ್ದೇವೆ. ಕಂಪ್ಯೂಟರಿನ ಮುಂದೆ ಕೂತವರ ಕೂಲಿಯ ಚರಿತ್ರೆ ಬರೆದಿಲ್ಲ. ಹಿರೀಸಾವೆಯ ಹೆದ್ದಾರಿಯಲ್ಲಿ ಬೆಂಗಳೂರಿನ ಬಸ್ಸು ಹತ್ತುವ ಡಿಗ್ರಿ ಹುಡುಗ ಹುಡುಗಿಯರಿಗೆ ಇದು ತಿಳಿದಿರಬೇಕು.

1990ರ ದಶಕದಲ್ಲಿ ಬೆಂಗಳೂರಿಗೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಬಂತು. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ ಆಡಿದ ಮಾತು ಇಲ್ಲಿಗೆ ಬರುತ್ತಿತ್ತು. ಅಲ್ಲಿ ರಾತ್ರಿ, ಇಲ್ಲಿ ಹಗಲು. ಅವರು ಏಳೋ ಹೊತ್ತಿಗೆ ಬರಹ ಸಿದ್ಧ. ಕಿವಿಗೆ ಇಯರ್‌ಫೋನು, ಕಾಲಡಿ ಪೆಡಲು. ಕೂಲಿ ಸಾಲಿನ ಲೆಕ್ಕ, ಸಾಮಾನ್ಯವಾಗಿ ಸಾಲಿಗೆ 65 ಅಕ್ಷರ. ಪರದೇಶದ ಉಚ್ಚಾರಣೆಯನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿ ನಮ್ಮವರು ಮೂಳೆ, ನರ, ಔಷಧಿಗಳ ಹೆಸರು ಕಲಿತರು.

ಆಮೇಲೆ ಯಂತ್ರಕ್ಕೂ ಕಿವಿ ಬಂತು. 2009ರ ಕಾನೂನು ಅಮೆರಿಕದ ಆಸ್ಪತ್ರೆಗಳ ಕಡತಗಳನ್ನು ಕಂಪ್ಯೂಟರಿಗೆ ಏರಿಸಲು ಸರ್ಕಾರದ ದುಡ್ಡು ಸುರಿಯಿತು. ಡಾಕ್ಟರುಗಳೇ ವಿವರ ತುಂಬತೊಡಗಿದರು. ಬರೆಯುತ್ತಿದ್ದವರು ಯಂತ್ರ ಬರೆದದ್ದನ್ನು ತಿದ್ದುವವರಾದರು. ತಿದ್ದುವ ಸಾಲಿಗೆ ಕೂಲಿಯೂ ಕಮ್ಮಿ.

ಆಗ ಕಂಡ ಇನ್ನೊಂದು ಬಾಗಿಲು ಕೋಡಿಂಗ್. ಡಾಕ್ಟರ ಬರಹ ಓದಿ ರೋಗಕ್ಕೊಂದು, ಚಿಕಿತ್ಸೆಗೊಂದು ಸಂಕೇತ ಕೊಡುವ ಕೆಲಸ. ಎರಡನೇ ಬಗೆಯ ಸಕ್ಕರೆ ಕಾಯಿಲೆ, ಬೇರೆ ತೊಡಕಿಲ್ಲದಿದ್ದರೆ, ಇ11.9. ಅದನ್ನು ನೋಡಿಯೇ ವಿಮಾ ಕಂಪನಿ ಆಸ್ಪತ್ರೆಗೆ ದುಡ್ಡು ಕೊಡೋದು.

ಈ ಪಟ್ಟಿ ಹುಟ್ಟಿದ್ದು ದುಡ್ಡಿಗಲ್ಲ, ಸಾವಿನ ಲೆಕ್ಕಕ್ಕೆ. 1893ರಲ್ಲಿ ಫ್ರಾನ್ಸಿನ ಜಾಕ್ ಬೆರ್ತಿಯೋ ಸಾವಿನ ಕಾರಣಗಳ ಪಟ್ಟಿಯನ್ನು ಮುಂದಿಟ್ಟ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೈಯಲ್ಲಿ ಅದಕ್ಕೆ ರೋಗಗಳೂ ಸೇರಿದವು. ನಮ್ಮ ಸೀಮೆಯಲ್ಲಿ ಸಾವಿನ ಸುದ್ದಿ ಹೊತ್ತು ಊರೂರು ನಡೆದದ್ದು ನಮ್ಮ ಕೇರಿಯ ಕಾಲು. ದಫ್ತರದಲ್ಲಿ ಬರೆದದ್ದು ಪಟೇಲ ಶಾನುಭೋಗರ ಕೈ. ಅದೇ ಕೇರಿಯ ಹುಡುಗಿ ಇವತ್ತು ರೋಗದ ದಫ್ತರ ಬರೆಯಬಲ್ಲಳು. ಇದು ಸಣ್ಣ ಮಾತಲ್ಲ. ಆದರೆ ದಫ್ತರ ಯಾರದು?

2015ರ ಅಕ್ಟೋಬರ್ 1ರಂದು ಅಮೆರಿಕ ಹೊಸ ಪಟ್ಟಿಗೆ ಬದಲಾಯಿತು. ಸುಮಾರು 14,000 ಇದ್ದ ರೋಗಸಂಕೇತಗಳು ಸುಮಾರು 69,000 ಆದವು. ಕೋಡಿಂಗಿಗೆ ನುರಿತ ಕೈ ಬೇಕಾದವು. ಬಾಗಿಲಲ್ಲಿ ಮಾತ್ರ ಕಾವಲು ಕೂತಿತ್ತು: ಹಲವು ಕಂಪನಿಗಳು ಕೇಳುವುದು ನರ್ಸಿಂಗ್, ಫಾರ್ಮಸಿ, ಜೀವಶಾಸ್ತ್ರದ ಡಿಗ್ರಿ, ಮೇಲೆ ದುಡ್ಡು ಕಟ್ಟಿ ಬರೆಯಬೇಕಾದ ಸಿಪಿಸಿ ಪರೀಕ್ಷೆ. ಬಿ.ಎ., ಬಿ.ಕಾಂ. ಓದಿ ಹತ್ತು ವರ್ಷ ಡಾಕ್ಟರ ಮಾತು ಕೇಳಿದವಳ ತಿಳಿವಳಿಕೆಗೆ ಕಾಗದವಿಲ್ಲ. ದುಡಿಯುವವನು ತನ್ನ ವಿದ್ಯೆಗೆ ಮತ್ತೆ ಮತ್ತೆ ತಾನೇ ಬೆಲೆ ತೆರಬೇಕೆನ್ನುವುದು ಯಾವ ನ್ಯಾಯ?

ಗೆಳೆಯರೇ, ಕೆಲಸ ಬದಲಿಸುವವಳು ಮೊದಲಿಂದ ಶುರು ಮಾಡುತ್ತಿಲ್ಲ. ದೇಹದ ಭಾಷೆ ಅವಳಿಗೆ ಬರುತ್ತದೆ. ಹೊಸದಾಗಿ ಕಲಿಯಬೇಕಾದ್ದು ನಿಯಮ: ಡಾಕ್ಟರು ಬರೆಯದೇ ಇರೋದಕ್ಕೆ ಸಂಕೇತವಿಲ್ಲ; ಹೊರರೋಗಿಯ ಲೆಕ್ಕದಲ್ಲಿ 'ಇರಬಹುದು' ಎಂದದ್ದನ್ನು 'ಇದೆ' ಅಂತ ಬರೆಯುವ ಹಾಗಿಲ್ಲ. ಹಳ್ಳಿಯ ಮೇಷ್ಟ್ರುಗಳು ಜೀವಶಾಸ್ತ್ರವನ್ನೂ ಇಂಗ್ಲಿಷನ್ನೂ ಗಟ್ಟಿಯಾಗಿ ಕಲಿಸಿದರೆ ಅರ್ಧ ದಾರಿ ಸವೆದಂತೆ. ಬೇಗ ಕಲಿಸಿ. ಕೇಳುವುದನ್ನು ಕಲಿತ ಯಂತ್ರ ಈಗ ಓದಿ ಸಂಕೇತ ಹಾಕುವುದನ್ನೂ ಕಲಿಯುತ್ತಿದೆ.