ಆಟ ಕಟ್ಟಿದವರು ಯಾರು? ಗುಡಿಕಟ್ಟೆಯಿಂದ ಆಟಿಕೆ ಮೇಳದವರೆಗೆ

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತು. ಗುಡಿಯ ಕಟ್ಟೆಯ ಮೇಲೆ ನಾಲ್ವರು ಹಿರಿಯರು ಕುಳಿತಿದ್ದಾರೆ. ಕಲ್ಲಿನ ಮೇಲೆ ಇದ್ದಿಲಿನಿಂದ ಎಳೆದ ಇಪ್ಪತ್ತೈದು ಮನೆಗಳು. ಒಬ್ಬರ ಕಾಯಿ ಬಳೆಚೂರು, ಇನ್ನೊಬ್ಬರದು ಹುಣಸೆ ಬೀಜ, ಮತ್ತೊಬ್ಬರದು ಸಣ್ಣ ಹರಳು. ಕೈಯಲ್ಲಿ ನಾಲ್ಕು ಕವಡೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಬೆಳೆದವರಿಗೆ ಈ ನೋಟ ಹೊಸದಲ್ಲ. ಕೆಲವರು ಇದನ್ನು ಚೌಕಾಬಾರಾ ಎನ್ನುತ್ತಾರೆ, ಕೆಲವರು ಕಟ್ಟೆಮನೆ ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ಆಡುವವರನ್ನು ಒಂದು ಪ್ರಶ್ನೆ ಕೇಳಿ ನೋಡಿ: ಈ ಆಟವನ್ನು ಮೊದಲು ಕಟ್ಟಿದವರು ಯಾರು? ‘ಹಿರಿಯರಿಂದ ಬಂದದ್ದು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಯಾರ ಬಳಿಯೂ ಇರಲಾರದು.

ನಾವು ಕೇಳದ ಈ ಪ್ರಶ್ನೆಯನ್ನು ದೂರದ ಜರ್ಮನಿಯಲ್ಲಿ ಕೆಲವರು ಗಟ್ಟಿಯಾಗಿಯೇ ಕೇಳಿದರು. 1988ರಲ್ಲಿ ನ್ಯೂರೆಂಬರ್ಗ್ ನಗರದ ಆಟಿಕೆ ವ್ಯಾಪಾರ ಮೇಳದಲ್ಲಿ ಹದಿಮೂರು ಮಂದಿ ಆಟ ರಚನೆಕಾರರು ಒಂದೆಡೆ ಸೇರಿದರು. ಬಿಯರ್ ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯ ಮೇಲೆ ಒಂದು ಘೋಷಣೆ ಬರೆದು ಸಹಿ ಹಾಕಿದರು. ಪೆಟ್ಟಿಗೆಯ ಮೇಲೆ ತಮ್ಮ ಹೆಸರು ಅಚ್ಚಾಗದಿದ್ದರೆ ಯಾವ ಪ್ರಕಾಶಕರಿಗೂ ಆಟ ಕೊಡುವುದಿಲ್ಲ ಎಂಬುದು ಅದರ ಸಾರ. ಕಾದಂಬರಿಗೆ ಕಾದಂಬರಿಕಾರ ಇರುವಂತೆ ಆಟಕ್ಕೂ ಒಬ್ಬ ಕರ್ತೃ ಇದ್ದಾನೆ ಎಂಬ ಮಾತು ಅಲ್ಲಿ ಬರಬರುತ್ತ ರೂಢಿಯಾಯಿತು. ಅದೇ ದೇಶದ ಎಸೆನ್ ನಗರದಲ್ಲಿ 1983ರಿಂದ ನಡೆದುಬಂದಿರುವ ಆಟಗಳ ಮೇಳಕ್ಕೆ ಈಗ ನಾಲ್ಕು ದಿನಗಳಲ್ಲಿ ಸುಮಾರು ಎರಡು ಲಕ್ಷ ಜನ ಬರುತ್ತಾರೆ. ಅಲ್ಲಿ ರಚನೆಕಾರರು ಮೇಜಿನಿಂದ ಮೇಜಿಗೆ ಅಲೆಯುತ್ತ ಇತರರ ಹೊಸ ಆಟಗಳನ್ನು ಆಡಿ ನೋಡುತ್ತಾರೆ, ತಮ್ಮದನ್ನು ಆಡಿಸಿ ತೋರಿಸುತ್ತಾರೆ.

ಹಾಗಾದರೆ ಆಟ ಕಟ್ಟುವುದು ಒಂದು ವಿದ್ಯೆ ಎಂಬ ತಿಳಿವಳಿಕೆ ಪಶ್ಚಿಮದಿಂದ ಬಂದದ್ದೇ? ಖಂಡಿತ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥ ರಚಿಸಿದ. ನಮ್ಮ ಈ ಕೃಷ್ಣಾ ತೀರದ ಸೀಮೆಯೂ ಅಂದು ಆ ಅರಸರ ಆಳ್ವಿಕೆಯಲ್ಲಿತ್ತು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಿರುವ ಆ ಗ್ರಂಥದ ಕೊನೆಯ ಭಾಗವೇ ‘ಕ್ರೀಡಾವಿಂಶತಿ’. ಚದುರಂಗ, ಪಗಡೆಯ ದಾಳ, ಕವಡೆಯಾಟಗಳಿಗೆ ಅಲ್ಲಿ ಸ್ಥಾನವಿದೆ. ರಾಜ್ಯ ಗಳಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ ಎಂದು ಹೇಳುವ ಗ್ರಂಥ ಆಟ ಹೇಗೆಂಬುದನ್ನೂ ಬಿಡದೆ ಹೇಳಿತೆಂಬುದು ಗಮನಿಸತಕ್ಕ ಸಂಗತಿ.

ಸೋಮೇಶ್ವರ ಆಟಗಳನ್ನು ಬರೆದಿಟ್ಟರೆ, ಅವನಿಗಿಂತ ಏಳು ಶತಮಾನಗಳ ಅನಂತರ ಬಂದ ಇನ್ನೊಬ್ಬ ಕನ್ನಡದ ದೊರೆ ಆಟಗಳನ್ನು ತಾನೇ ಕಟ್ಟಿದ. ಆತ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಅರಮನೆಯಲ್ಲಿ ಉಳಿದ ಈ ಅರಸರು ಸಾಹಿತ್ಯ, ಚಿತ್ರಕಲೆಗಳ ಜೊತೆಗೆ ಮಣೆಯಾಟಗಳಲ್ಲಿಯೂ ಮುಳುಗಿದರು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿ ಬರುವ ದಾರಿ ಯಾವುದು ಎಂಬ ಒಗಟು ಭಾರತದಲ್ಲಿ ಬಲು ಹಳೆಯದು. ಒಂಬತ್ತನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿಯೇ ಅದರ ಜಾಡಿದೆ. ಮುಮ್ಮಡಿಯವರು ಅದಕ್ಕೆ ಹೊಸ ಹೊಸ ಉತ್ತರಗಳನ್ನು ಕಂಡುಹಿಡಿದರು. ‘ಛದ್’ ಎಂದು ಕರೆಯುವ ಗಂಜೀಫಾ ಎಲೆಯಾಟಗಳನ್ನೂ ಹೊಸದಾಗಿ ರೂಪಿಸಿದರು. 36 ಎಲೆಗಳ ಸಣ್ಣ ಆಟದಿಂದ 360 ಎಲೆಗಳ ಭಾರಿ ಆಟದವರೆಗೆ ಅವುಗಳ ಹರವು ಇತ್ತು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ಯಲ್ಲಿ ಈ ಆಟಗಳ ವಿವರ ಸೇರಿದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಮುಮ್ಮಡಿಯವರು ಹೆಸರು ಹಾಕಿಕೊಂಡ ಆಟ ರಚನೆಕಾರರು.

ಆದರೆ ಅರಸನ ಹೆಸರು ಉಳಿಯುತ್ತದೆ, ಹಳ್ಳಿಯವನ ಹೆಸರು ಅಳಿಯುತ್ತದೆ. ಚೌಕಾಬಾರಾ ಕಟ್ಟಿದ ಅನಾಮಧೇಯನ ಜಾಣ್ಮೆ ಏನು ಕಡಿಮೆಯೇ? ನಾಲ್ಕು ಕವಡೆ ಎಸೆದಾಗ ಎಷ್ಟು ಬಾಯಿ ಮೇಲಾಗಿ ಬೀಳುತ್ತವೆಯೋ ಅಷ್ಟು ನಡೆ. ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಮಗುಚಿದರೆ ಬಾರ, ಅಂದರೆ ಎಂಟು. ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತದೆಂದು ಭಾವಿಸಿದರೆ ಹದಿನಾರು ಸಾಧ್ಯತೆಗಳಿವೆ. ಅವುಗಳಲ್ಲಿ ಆರು ಸಲ ಎರಡು ಬೀಳುತ್ತದೆ. ಒಂದು ಮತ್ತು ಮೂರು ತಲಾ ನಾಲ್ಕು ಸಲ. ಚೌಕ ಒಂದೇ ಸಲ, ಬಾರ ಒಂದೇ ಸಲ. ಅಪರೂಪಕ್ಕೆ ಬೀಳುವುದಕ್ಕೆ ದೊಡ್ಡ ನಡೆ, ಮೇಲೆ ಇನ್ನೊಂದು ಎಸೆತದ ಬಹುಮಾನ! ಶಾಲೆಯಲ್ಲಿ ಸಂಭವನೀಯತೆಯ ಪಾಠ ಕೇಳದವರೂ ಕಟ್ಟೆಯ ಮೇಲೆ ಅದರ ಲೆಕ್ಕ ಹಾಕುತ್ತಲೇ ಕಾಯಿ ನಡೆಸುತ್ತಾರೆ.

ಇದಕ್ಕಿಂತ ಸೊಗಸಾದದ್ದು ಅದರ ಒಂದು ನಿಯಮ. ಕಾಯಿ ಮೊದಲು ಹೊರಸುತ್ತಿನ ಹದಿನಾರು ಮನೆ ಸುತ್ತಬೇಕು, ಆಮೇಲೆ ಒಳಸುತ್ತಿನ ಎಂಟು ಮನೆಗಳಲ್ಲಿ ತಿರುವುಮುರುವಾಗಿ ನಡೆದು ನಡುಮನೆ ಸೇರಿ ಹಣ್ಣಾಗಬೇಕು. ಆದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಕತ್ತರಿ ಗೀಟಿನ ಮನೆಯಿಂದ ಮನೆಗೆ ಹೆದರಿ ಹೆದರಿ ಸಾಗುವವನು ಕೊನೆಗೂ ಬೀದಿಗಿಳಿಯಲೇಬೇಕು. ಆಟ ಬೇಸರವಾಗದಂತೆ ಕಾಯುವುದು ಈ ಒಂದೇ ನಿಯಮ. ಹಾಗೆಯೇ ಮೂರು ಹುಲಿ, ಹದಿನೈದು ಆಡುಗಳ ಆಟವನ್ನು ನೋಡಿ. ಒಂದು ಪಕ್ಷಕ್ಕೆ ಬಲ, ಇನ್ನೊಂದಕ್ಕೆ ಸಂಖ್ಯೆ. ಎರಡು ಪಕ್ಷಗಳಿಗೂ ಬೇರೆ ಬೇರೆ ಶಕ್ತಿ ಕೊಟ್ಟು ಗೆಲುವಿನ ಅವಕಾಶವನ್ನು ತೂಗಿಸುವುದು ಇಂದಿನ ವೃತ್ತಿಪರ ರಚನೆಕಾರರಿಗೂ ಕಠಿಣವಾದ ಕೆಲಸ.

ಹೆಸರಿಲ್ಲದ ಈ ಆಟಗಳು ಹಡಗು ಹತ್ತಿ ಹೋದ ಕತೆಯೂ ಉಂಟು. ನಮ್ಮ ಪಗಡೆಯ ಸೋದರ ಪಚೀಸಿ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ‘ಪಾರ್ಚೀಸಿ’ಯಾಯಿತು. ಅದರ ಸರಳ ರೂಪಕ್ಕೆ ಇಂಗ್ಲೆಂಡಿನಲ್ಲಿ ‘ಲೂಡೊ’ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆಯಲಾಯಿತು. ಪಾಪ ಪುಣ್ಯಗಳ ಹಾವು ಏಣಿಯಾಟ, ನೆರೆಯ ಮರಾಠಿಗರ ‘ಮೋಕ್ಷಪಟ’, ಸಂತ ಜ್ಞಾನೇಶ್ವರರ ಕೊಡುಗೆಯೆಂದು ಅಲ್ಲಿಯ ಪ್ರತೀತಿ. ಅದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಹಳೆಯ ಪಟಗಳಲ್ಲಿ ಏಣಿಗಿಂತ ಹಾವು ಹೆಚ್ಚು. ಮೋಕ್ಷದ ದಾರಿ ಸುಲಭವಲ್ಲವಲ್ಲ! ಅಚ್ಚಿನ ಪಟದಲ್ಲಿ ಎರಡನ್ನೂ ಸರಿದೂಗಿಸುತ್ತ ಬಂದರು. ಬರಬರುತ್ತ ಮೋಕ್ಷ ಮಾಯವಾಗಿ ನೂರರ ಅಂಕಿಯಷ್ಟೇ ಉಳಿಯಿತು.

ಹೀಗೆ ಹೋದದ್ದು ರಟ್ಟಿನ ಪೆಟ್ಟಿಗೆಯಲ್ಲಿ ಮರಳಿ ಬಂತು. ಈಗ ಮೊಬೈಲಿನಲ್ಲಿಯೂ ಬಂದಿದೆ. 2016ರಲ್ಲಿ ನವಿ ಮುಂಬಯಿಯ ಕಂಪನಿಯೊಂದು ಹೊರತಂದ ‘ಲೂಡೊ ಕಿಂಗ್’ 2020ರ ಲಾಕ್‌ಡೌನ್ ಕಾಲದಲ್ಲಿ ದೇಶದ ಮನೆಮನೆ ಹೊಕ್ಕಿತು. ಅಜ್ಜಿ ಕವಡೆ ಎಸೆಯುತ್ತಿದ್ದ ಅಂಗಳದಲ್ಲಿಯೇ ಕುಳಿತ ಮೊಮ್ಮಗ ಅದೇ ಆಟದ ಮರಿಯನ್ನು ಇಂಗ್ಲಿಷ್ ಹೆಸರಿನಲ್ಲಿ ಆಡಿದ. ಇದರಲ್ಲಿ ತಪ್ಪೇನೂ ಇಲ್ಲ. ಆಟ ಊರು ಬಿಟ್ಟು ಊರಿಗೆ ಹೋಗುವುದು ಅದರ ಗುಣ. ಕಳವಳದ ಸಂಗತಿ ಬೇರೆಯೇ ಇದೆ.

ಆಟದ ಜೀವ ಇರುವುದು ಮಣೆಯಲ್ಲಲ್ಲ, ನಿಯಮದಲ್ಲಿ. ಕಲ್ಲಿನ ಮೇಲೆ ಕೊರೆದ ಮನೆ ಐನೂರು ವರ್ಷ ಉಳಿದೀತು. ಆದರೆ ಹೊಡೆಯದೆ ಒಳಗೆ ಹೋಗುವಂತಿಲ್ಲ ಎಂಬ ಮಾತು ಕಲ್ಲಿನಲ್ಲಿ ಬರೆದಿರುವುದಿಲ್ಲ. ಅದು ಬಾಯಿಂದ ಬಾಯಿಗೆ ಬರಬೇಕು. ಆಡುವವರ ಒಂದು ತಲೆಮಾರು ತಪ್ಪಿದರೆ ಸಾಕು, ಕಲ್ಲು ಉಳಿದು ಆಟ ಹೋಗುತ್ತದೆ. ಮುಮ್ಮಡಿಯವರ ಆಟಗಳು ಗ್ರಂಥದಲ್ಲಿ ಉಳಿದಿದ್ದರಿಂದಲೇ ಇಂದು ಅವನ್ನು ಕುರಿತು ಮಾತನಾಡಲು ಸಾಧ್ಯವಾಗಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಈ ಶತಮಾನದ ಮೊದಲ ದಶಕದಿಂದ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನವನ್ನು ಹಲವು ಬಾರಿ ಏರ್ಪಡಿಸಿ, ನಾಡಿನ ಹಳೆಯ ಮಣೆಯಾಟಗಳನ್ನು ಕುಶಲಕರ್ಮಿಗಳಿಂದ ಮತ್ತೆ ಮಾಡಿಸಿ ಜನರ ಕೈಗಿತ್ತಿದೆ. ಹಳೆಯ ಆಟಕ್ಕೆ ಸಿಕ್ಕ ನಮ್ಮದೇ ಮೇಳ ಅದು.

ನಮ್ಮ ಗಡಿ ಸೀಮೆಯ ಆಟಗಳಿಗೆ ಅಂಥ ಗ್ರಂಥವೂ ಇಲ್ಲ, ಮೇಳವೂ ಇಲ್ಲ. ಕನ್ನಡ ಮರಾಠಿಗಳೆರಡೂ ಬೆರೆತ ಇಲ್ಲಿ ಒಂದು ಮನೆಯ ಪಗಡೆಕಾಯಿ ಪಕ್ಕದ ಮನೆಯಲ್ಲಿ ಸೋಂಗಟಿಯಾಗುತ್ತದೆ. ಹೆಸರಿನಂತೆ ನಿಯಮವೂ ಊರಿಂದ ಊರಿಗೆ ಬದಲಾಗುತ್ತದೆ. ಆ ಸಣ್ಣ ಬದಲಾವಣೆಗಳೇ ಇಲ್ಲಿಯ ಹೆಸರಿಲ್ಲದ ರಚನೆಕಾರರ ಸಹಿ. ಅವನ್ನು ಬರೆದಿಡಲು ದೊಡ್ಡ ಸಂಸ್ಥೆ ಬೇಕಿಲ್ಲ, ಒಂದು ಶಾಲಾ ನೋಟ್‌ಬುಕ್ಕು ಸಾಕು. ಮನೆ ಎಷ್ಟು, ಕಾಯಿ ಎಷ್ಟು, ಯಾವ ಗರ ಬಿದ್ದರೆ ಮತ್ತೆ ಎಸೆತ, ಹೊಡೆದರೆ ಏನು, ಗೆಲ್ಲುವುದು ಹೇಗೆ, ಈ ಐದು ಪ್ರಶ್ನೆಗಳನ್ನು ಮಕ್ಕಳು ಮನೆಯ ಅಜ್ಜ ಅಜ್ಜಿಯರಿಗೆ ಕೇಳಿ ಬರೆದುಕೊಂಡರೆ ಅದೇ ಈ ಸೀಮೆಯ ಕೌತುಕನಿಧಿ. ಎರಡೂ ರಾಜ್ಯಗಳ ಜನ ಸೇರುವ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಒಂದು ಚಾಪೆ ಹಾಸಿ ಅವನ್ನು ಆಡಿಸಿದರೆ ಎಸೆನ್ ಮೇಳಕ್ಕೆ ಹೋಗಬೇಕಾದ ಅಗತ್ಯವೂ ಇಲ್ಲ.

ಹೆಸರು ಬೇಕೆಂದು ಹಟ ಹಿಡಿಯಲು ಕಟ್ಟೆಯ ಮೇಲೆ ಮೊದಲ ಗೆರೆ ಎಳೆದವರು ಇಂದು ಇಲ್ಲ. ಅವರ ಹೆಸರನ್ನು ನಾವು ಇನ್ನು ಕಂಡುಹಿಡಿಯಲಾರೆವು. ಅವರು ಕಟ್ಟಿದ ನಿಯಮವನ್ನಾದರೂ ಕಳೆಯದೆ ಉಳಿಸಿಕೊಳ್ಳಬಹುದು.