ಸೈಕಲ್ಲಿನಲ್ಲಿ ಸಾಮಾನು ಸಾಗಣೆ

ಕೆಲಸ, ಶಾಲೆ, ಸಂತೆ ಎಂದು ದಿನವೂ ಓಡಾಡುವವರು ಸೈಕಲ್ಲಿನ ಮೇಲೆ ಹೊರೆ ಒಯ್ಯುವ ರೂಢಿ. ಮೈಸೂರು ನಗರಕ್ಕೂ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯ ಹಳ್ಳಿಗಳಿಗೂ ಇದು ಸಮಾನ.

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ‘ರೋವರ್’ ಸೈಕಲ್ಲಿನಿಂದ ಹಿಂದಿನ ಗಾಲಿಗೆ ಚೈನು ಹಾಕುವ ತಗ್ಗಾದ ಸೈಕಲ್ಲು ನೆಲೆಯೂರಿತು. ಹಿಂಗಾಲಿಯ ಮೇಲೆ ಕ್ಯಾರಿಯರ್ ಕೂರಿಸಲು ಅನುಕೂಲವಾದದ್ದು ಇದರಿಂದಲೇ. ಮದ್ರಾಸಿನ ಟಿ.ಐ. ಸೈಕಲ್ಸ್ (1949), ಅಟ್ಲಾಸ್ (1951), ಹೀರೊ (1956) ಕಾರ್ಖಾನೆಗಳು ಬಂದ ಮೇಲೆ ಸೈಕಲ್ಲು ಸಾಮಾನ್ಯರ ಮನೆ ಸೇರಿತು.

ಹೊರೆಯ ಮರ್ಮವಿರುವುದು ಕಟ್ಟುವುದರಲ್ಲಿ. ಸವೆದ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿಯೇ ಇಲ್ಲಿನ ಹಗ್ಗ. ಕುಲುಕಾಟಕ್ಕೆ ಮೂಟೆ ಕುಸಿದರೆ ಮಾಮೂಲಿ ಹಗ್ಗ ಸಡಿಲವಾಗುತ್ತದೆ. ರಬ್ಬರಾದರೆ ತಾನೂ ಕುಗ್ಗಿ ಹಿಡಿತ ಬಿಡುವುದಿಲ್ಲ. ಹಾಲಿನವರು ಕ್ಯಾರಿಯರಿನ ಎರಡೂ ಬದಿಗೆ ಕೊಕ್ಕೆ ಹಾಕಿ ಕ್ಯಾನು ತೂಗುಬಿಡುತ್ತಾರೆ. ಭಾರ ತಗ್ಗಿನಲ್ಲಿದ್ದಷ್ಟೂ ಸವಾರನಿಗೆ ನೆಮ್ಮದಿ. ಆದರೆ ಒಂದೇ ಕ್ಯಾನಿನಿಂದ ಹಾಲು ಅಳೆಯುತ್ತ ಹೋದರೆ ಸೈಕಲ್ಲು ಇನ್ನೊಂದು ಬದಿಗೆ ಎಳೆಯುತ್ತದೆ. ಹ್ಯಾಂಡಲಿಗೆ ನೇತುಹಾಕಿದ ಚೀಲವಂತೂ ಅಪಾಯವೇ ಸರಿ. ತಿರುವಿನಲ್ಲಿ ಅದು ಕಡ್ಡಿಗಳಿಗೆ ಸಿಕ್ಕಿ ಸವಾರನನ್ನು ಕೆಡವಬಲ್ಲದು.

ಮಿಲ್ಲಿಗೆ ಒಯ್ಯುವ ರಾಗಿ ಮೂಟೆ ಭಾರವಾದರೆ ಸೈಕಲ್ಲು ಹತ್ತದೆ ತಳ್ಳಿಕೊಂಡೇ ಹೋಗುವುದು. ವಿಯೆಟ್ನಾಮಿನಲ್ಲಿ 1954ರ ದಿಯೆನ್ ಬಿಯೆನ್ ಫು ಕಾಳಗಕ್ಕೆ ಹೀಗೆ ತಳ್ಳಿಯೇ ಒಂದೊಂದು ಸೈಕಲ್ಲಿನಲ್ಲಿ 200 ಕಿಲೋಗೂ ಮಿಕ್ಕಿ ಸಾಗಿಸಿದರು. ಇತ್ತ ಹುಣಸೂರಿನ ಕಡೆ, ಲಕ್ಷ್ಮಣತೀರ್ಥ ನದಿಯ ಕಟ್ಟೆಯೂ ತಂಬಾಕು ಹರಾಜು ಮಾರುಕಟ್ಟೆಯೂ ಇರುವ ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪಿನ ಬೇಲು ಬರುವುದು ಮೋಟಾರು ವಾಹನಗಳಲ್ಲಿ. ಸೈಕಲ್ಲಿನ ಪಾಲಿಗೆ ಉಳಿದದ್ದು ಹುಲ್ಲು, ಹಾಲು, ದಿನಸಿಯಂಥ ಮನೆಯ ಹೊರೆ.

ರಾಜ್ಯ ಸರ್ಕಾರ 2006–07ರಲ್ಲಿ 8ನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ಪುಸ್ತಕದ ಚೀಲ ಮಕ್ಕಳ ಬೆನ್ನಿನಿಂದ ಕ್ಯಾರಿಯರಿಗೆ ಇಳಿಯಿತು. ಆ ಯೋಜನೆಯ ಈ ಲಾಭವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ಹೇಳಬೇಕು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಂದಿಗೆ ‘ಟ್ರಿಣ್ ಟ್ರಿಣ್’ ಬಾಡಿಗೆ ವ್ಯವಸ್ಥೆ ಬಂತು. ಹತ್ತಿರದ ಓಡಾಟಕ್ಕೆ ಅದು ಒಳ್ಳೆಯದೇ. ಆದರೆ ನಿಲ್ದಾಣಕ್ಕೆ ಮರಳಿಸಬೇಕಾದ ಸೈಕಲ್ಲಿಗೆ ಕೊಕ್ಕೆ, ಪೆಟ್ಟಿಗೆ, ಟ್ಯೂಬಿನ ಪಟ್ಟಿಯನ್ನು ಯಾರೂ ಕಾಯಂ ಆಗಿ ಕಟ್ಟಿಕೊಳ್ಳಲಾರರು.

ಈಗಿನ ಗೇರ್ ಸೈಕಲ್ಲುಗಳು ಹೆಚ್ಚಾಗಿ ಕ್ಯಾರಿಯರ್ ಇಲ್ಲದೆಯೇ ಅಂಗಡಿಗೆ ಬರುತ್ತವೆ. ಬೇಕಾದವರು ಬೇರೆ ಕೊಂಡು ಹಾಕಿಸಿಕೊಳ್ಳಬೇಕು.